ತೌಡಿಗೆ ಮಾರಿದ ಕೂಸು

ಮೊಮ್ಮಗಳು ಮನೆಗೆ ಬಂದ ಮೇಲೆ ನನಗೆ ಕೂತಲ್ಲಿ ಕೂಡಲಾಗುತ್ತಿಲ್ಲ. ಸತ್ತೂರಿನ ಕಡೆಯ ದವಾಖಾನೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ಮೂಗಿಗೆ ನಳಿಗೆ ಹಾಕಿಸಿಕೊಂಡು ಮಲಗಿದ್ದ ಅಂಗೈಯಷ್ಟು ಮೈಯ ಕೂಸು ಈಗ ನನ್ನ ತೊಡೆಯ ಮೇಲೆ ಆಕಳಿಸುತ್ತದೆ. ಅದು ಆಕಳಿಸಿದರೆ ಸಾಕು, ನಾನು ಒಲೆಯ ಮೇಲಿನ ಹಾಲನ್ನೂ ಮರೆತು ಓಡಿಬರುತ್ತೇನೆ. ಈಗಾಗಲೇ ಎರಡು ಸಲ ಹಾಲು ಉಕ್ಕಿ ಕಟ್ಟೆಯೆಲ್ಲ ಹರಿಯಿತು. ಹಾಲಿನ ವ್ಯಾಪಾರದ ಮನೆಯಲ್ಲಿ ಹುಟ್ಟಿದವಳು ಹಾಲು ಉಕ್ಕಿಸಿದರೆ ಬೈಸಿಕೊಳ್ಳಬೇಕು. ಬೈಯುವವರು ಯಾರೂ ಉಳಿದಿಲ್ಲ, ಹಾಗಾಗಿ ನಾನೇ ಬೈದುಕೊಂಡು ನಾನೇ ನಗುತ್ತೇನೆ. ಕೂಸಿನ ಕಾಲೊತ್ತುವಾಗ ನಗುತ್ತೇನೆ, ಬಟ್ಟೆ ಒಣಹಾಕುವಾಗ ನಗುತ್ತೇನೆ. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವಳು ಇಷ್ಟೆಲ್ಲ ಬರೆಯಲು ಕೂತಿದ್ದಾಳಲ್ಲ ಎಂದು ನಗುವವರಿದ್ದರೆ ಅವರೂ ನಗಲಿ. ಈ ದಿನಗಳಲ್ಲಿ ಯಾರು ನಕ್ಕರೂ ನನಗೆ ಹಿತವೇ.

ಆದರೆ ಮೊನ್ನೆ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಾಗ ನನ್ನ ಮಗಳು ಶೈಲಾ ಒಂದು ಮಾತು ಕೇಳಿದಳು. ಅವಳು ಕಾಲೇಜಿನಲ್ಲಿ ಪಾಠ ಹೇಳುವವಳು. ಸಪ್ತಾಪುರದ ಈ ಮನೆಯಲ್ಲಿ ಅವಳ ದಪ್ಪ ದಪ್ಪ ಪುಸ್ತಕಗಳಿಗೆ ನನ್ನ ಪಾತ್ರೆಗಳಿಗಿಂತ ಹೆಚ್ಚು ಜಾಗ ಬೇಕು. ಇದಕ್ಕೂ ಮೊದಲು ಎರಡು ಬಸಿರು ಅವಳ ಹೊಟ್ಟೆಯಲ್ಲೇ ಹೋಗಿದ್ದವು.

“ಅವ್ವಾ, ನಿನ್ನ ತೌಡಿಗೆ ಮಾರಿದ್ರಂತಲ್ಲ. ಹಂಗ ಇದನ್ನೂ ಮಾರೂಣೇನು?”

“ಯಾರಿಗೆ ಮಾರತೀ?”

“ರೇಶ್ಮಾನ್ನ ಕೇಳೇನಿ. ಹೂಂ ಅಂದಾಳ. ಆಕಿ ಎರಡೂ ಹುಡುಗ್ರು ಗಟ್ಟಿಮುಟ್ಟ ಅದಾವ.”

ರೇಶ್ಮಾ ನಮ್ಮ ಪಕ್ಕದ ಮನೆಯವಳು. ಗಂಡ ಸ್ಕೂಟರ್ ರಿಪೇರಿ ಮಾಡುತ್ತಾನೆ. ನಾನು ಮಗಳ ಮುಖ ನೋಡಿದೆ. ತಮಾಷೆ ಅಲ್ಲ. ಪುಸ್ತಕ ಓದಿದ ಕಣ್ಣುಗಳಲ್ಲಿ ನನ್ನ ತಾಯಿಯ ಕಣ್ಣು ಕಂಡಂತಾಯಿತು. ನೀರು ಕಾಯಿಸುವ ನೆವದಲ್ಲಿ ಎದ್ದು ಒಳಗೆ ಹೋದೆ. ಅವಳಿಗೆ ಉತ್ತರ ಕೊಡುವ ಮೊದಲು ನಾನು ಹುಟ್ಟಿದ ಮನೆಯೊಳಗೆ ಒಮ್ಮೆ ಹೋಗಿ ಬರಬೇಕಾಗಿತ್ತು.

ಆ ಮನೆ ಮಾಳಮಡ್ಡಿಯ ಹಿಂಬದಿಯ ಒಂದು ಇಕ್ಕಟ್ಟು ಓಣಿಯಲ್ಲಿತ್ತು. ಹೊಸಿಲು ದಾಟಿದರೆ ಮೊದಲು ಎಮ್ಮೆಗಳು, ಆಮೇಲೆ ಮನುಷ್ಯರು. ಒಂದು ತೊಲೆಯ ಆಚೆಗೆ ನೆಲ ಎರಡು ಮೆಟ್ಟಿಲು ಎತ್ತರವಾಗುತ್ತಿತ್ತು; ಅವಕ್ಕೂ ನಮಗೂ ಇದ್ದ ಅಂತರ ಅಷ್ಟೇ. ರೊಟ್ಟಿ ಬಡಿಯುವ ಸದ್ದಿಗೆ ಅವು ಕಿವಿ ಅಲ್ಲಾಡಿಸುತ್ತಿದ್ದವು, ಅವು ಮೆಲುಕು ಹಾಕುವ ಸದ್ದಿಗೆ ನಮಗೆ ನಿದ್ದೆ ಬರುತ್ತಿತ್ತು. ಒಳಗಿನ ಮೂಲೆಯಲ್ಲಿ ದೇವರ ಜಗಲಿ, ಅದರ ಪಕ್ಕಕ್ಕೇ ಮೊಸರಿನ ಗಡಿಗೆಗಳು. ಮನೆಗೆಲ್ಲ ಗಂಜಲ, ವಿಭೂತಿ, ಹುಳಿ ಮೊಸರು ಕೂಡಿದ ಒಂದೇ ವಾಸನೆ. ಇವತ್ತಿಗೂ ಯಾವುದಾದರೂ ಗುಡಿಗೆ ಹೋದರೆ ಆ ವಾಸನೆ ಇಲ್ಲವಲ್ಲ ಎಂದು ನನಗೆ ದೇವರು ಇದ್ದಂತೆಯೇ ಅನ್ನಿಸುವುದಿಲ್ಲ. ಅಪ್ಪ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಮಾಳಮಡ್ಡಿಯ ಮನೆಗಳಿಗೆ ಹಾಲು ಹಾಕಿ ಬರುತ್ತಿದ್ದ. ಕರೆಯುವುದು, ಕಾಯಿಸುವುದು, ಸಗಣಿ ಬಳಿಯುವುದು ನನ್ನ ತಾಯಿ ಗಂಗವ್ವನ ಪಾಲು. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಕೆಯ ಪಾಲಿಗೆ ಬಂದಿದ್ದು ಕೂತು ಎಲ್ಲರ ತಪ್ಪು ಹುಡುಕುವ ಕೆಲಸ, ಅದನ್ನು ಆಕೆ ಒಂದು ದಿನವೂ ತಪ್ಪಿಸಿದವಳಲ್ಲ.

ಎಮ್ಮೆ ಕಟ್ಟುವ ಕಡೆಯ ಗೋಡೆಗೆ ಸೊಂಟದೆತ್ತರದಲ್ಲಿ ಒಂದು ಕಿಂಡಿಯಿತ್ತು. ಅದರಾಚೆ ಮಾಬವ್ವನ ಮನೆ. ಆಕೆಯ ಗಂಡ ಇಮಾಮಸಾಬ ಹತ್ತಿ ಹಿಂಜಿ ಗಾದಿ ಹಾಕುವವನು. ಹತ್ತಿ ಹಿಂಜುವ ದೊಡ್ಡ ಬಿಲ್ಲಿನ ನರವನ್ನು ಕೊಡತಿಯಿಂದ ಬಡಿದರೆ ಟಂಯ್ ಟಂಯ್ ಎಂದು ಇಡೀ ಓಣಿಗೆ ಕೇಳುತ್ತಿತ್ತು. ನಮ್ಮ ಎಮ್ಮೆಗಳಿಗೆ ಆ ಸದ್ದು ಎಷ್ಟು ರೂಢಿಯಾಗಿತ್ತೆಂದರೆ ಶುಕ್ರವಾರ ಅದು ನಿಂತರೆ ಅವು ಹಾಲಿನ ತೊರೆ ಬಿಡಲು ತಡಮಾಡುತ್ತಿದ್ದವು. ಕಿಂಡಿಯಿಂದ ಈಚೆಗೆ ಸೂಜಿ, ಮದರಂಗಿ, ಒಲೆ ಹೊತ್ತಿಸಲು ಕೆಂಡ ಬರುತ್ತಿದ್ದವು. ಆಚೆಗೆ ಹಾಲು, ಗುರೆಳ್ಳು ಚಟ್ನಿ, ಆಯಿಯ ಬೈಗುಳ ಹೋಗುತ್ತಿದ್ದವು.

ನನಗಿಂತ ಮೊದಲು ನನ್ನ ತಾಯಿ ಮೂರು ಹೆತ್ತಿದ್ದಳು. ಒಂದೂ ಹಲ್ಲು ಮೂಡುವ ತನಕ ಉಳಿಯಲಿಲ್ಲ. ಮೂರನೆಯದು ಹೋದಾಗ ಮಠದ ಸ್ವಾಮಿಗಳು ಮನೆಗೆ ಬಂದು, ಕೊಟ್ಟವನೂ ಶಿವ, ಒಯ್ದವನೂ ಶಿವ, ನಡುವೆ ನಮ್ಮದೇನಿದೆ ಎಂದು ಹೇಳಿ ಹೋದರಂತೆ. ಅಪ್ಪ ಕೈಮುಗಿದು ಕೂತ. ಅವರು ಹೊಸಿಲು ದಾಟಿದ ಮೇಲೆ ನನ್ನ ತಾಯಿ ಅಪ್ಪನ ಮುಂದೆ ಹೇಳಿದಳಂತೆ:

“ಒಯ್ದಾಂವ ತಾನ ಅಂದ್ರ ಮುಗೀತೇನ್ರಿ? ನಾವು ಚರಿಗಿ ತುಂಬ ಹಾಲು ಹಾಕಿ, ಅವರು ಒಲಿ ಮ್ಯಾಲೆ ಇಟ್ಟ ಮ್ಯಾಲೆ ಹೋಗಿ ತಿರುಗಿ ಸುರಕೊಂಡು ಬಂದ್ರ ಮಾಳಮಡ್ಡಿ ಮಂದಿ ಸುಮ್ಮ ಬಿಡತಾರೇನು?”

ಆಯಿ ಜಗಲಿಯ ಹತ್ತಿರದಿಂದಲೇ ಗದರಿಸಿದಳು:

“ದೇವರಿಗೆ ಎದುರು ಮಾತಾಡಬ್ಯಾಡ. ಹಿಂದಿನ ಜನ್ಮದಾಗ ಯಾವದೋ ಕರುವಿನ ಬಾಯಾಗಿನ ಹಾಲು ಕಸಗೊಂಡಿರಬೇಕು ನೀ.”

“ಹಿಂದಿನ ಜನ್ಮ ಯಾಕ್ರಿ ಅತ್ತಿ. ಈ ಜನ್ಮದಾಗ ದಿನಾ ಅದನ್ನ ಮಾಡಾಕತ್ತೇನಿ. ನೀವ ಹೇಳಿಕೊಟ್ಟೀರಿ.”

ಹಾಗೆ ನಾನು ಹುಟ್ಟುವ ಹೊತ್ತಿಗೆ ಮನೆಯಲ್ಲಿ ಉತ್ತರಗಳು ಮುಗಿದಿದ್ದವು, ಉಪಾಯವೊಂದೇ ಉಳಿದಿತ್ತು. ಉಪಾಯ ಹಳೆಯದು, ನಮ್ಮ ಕಡೆ ಬಹಳ ಮನೆಗಳಲ್ಲಿ ಮಾಡುತ್ತಿದ್ದುದು. ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ಮೊರದಲ್ಲಿ ಹಾಕಿ ತಿಪ್ಪೆಯ ಮೇಲೆ ಇಡಬೇಕು. ಮಕ್ಕಳು ಬದುಕಿ ಉಳಿದ ಮನೆಯ ಹೆಂಗಸು ಅದೇ ದಾರಿಯಲ್ಲಿ ತಾನಾಗಿ ಬಂದವಳಂತೆ ಬಂದು “ಯಾರದಿದು ಕೂಸು?” ಎಂದು ಕೇಳಬೇಕು. ಹೆತ್ತವಳು “ಯಾರದೂ ಅಲ್ಲ” ಎನ್ನಬೇಕು. ಆಗ ಆಕೆ ಒಂದಷ್ಟು ತೌಡು ಕೊಟ್ಟು ಕೂಸನ್ನು ಕೊಂಡುಕೊಳ್ಳಬೇಕು. ಅಲ್ಲಿಂದ ಮುಂದೆ ಅದು ಆಕೆಯ ಕೂಸು. ಹೆತ್ತವಳು ಮೊಲೆ ಕೊಡಬಹುದು, ಎರೆಯಬಹುದು, ಆದರೆ ನನ್ನದು ಎಂದು ಬಾಯಿಬಿಟ್ಟು ಅನ್ನುವಂತಿಲ್ಲ. ಗಂಗವ್ವನ ಕೂಸನ್ನು ಹುಡುಕಿಕೊಂಡು ಬಂದವನಿಗೆ ಗಂಗವ್ವನ ಮನೆಯಲ್ಲಿ ಕೂಸೇ ಇರಬಾರದು. ನನ್ನನ್ನು ಕೊಳ್ಳಲು ಬಂದವಳು ಮಾಬವ್ವ. ಆಕೆಗೆ ಗಟ್ಟಿಮುಟ್ಟಾದ ಮಗನೊಬ್ಬನಿದ್ದ, ದಾವಲ. ಅವನೊಬ್ಬನನ್ನು ನೋಡಿಯೇ ಆಯಿ ಆ ಮನೆಯನ್ನು ಆರಿಸಿದ್ದಳು. ಜಾತಿ ಬೇರೆಯಾದರೆ ದೇವರಿಗೆ ಗುರುತು ಹತ್ತುವುದು ಇನ್ನೂ ಕಷ್ಟ ಎಂಬುದೂ ಆಕೆಯ ಲೆಕ್ಕ. ತೌಡು ಎಮ್ಮೆಯ ಬಾನಿಗೆ ಹೋಯಿತು. ನನಗೆ ತಿಪ್ಪವ್ವ ಎಂಬ ಹೆಸರು ಉಳಿಯಿತು.

ಹೀಗೆ ನಾನು ಎರಡು ಮನೆಯ ನಡುವೆ ಬೆಳೆದೆ. ಮಾಬವ್ವನನ್ನು ಅವ್ವ ಎನ್ನುತ್ತಿದ್ದೆ. ಹೆತ್ತವಳನ್ನು ವೈನಿ ಎಂದು ಕರೆಯಲು ಕಲಿಸಿದ್ದರು, ಅಪ್ಪನ ತಮ್ಮಂದಿರು ಅತ್ತಿಗೆಯನ್ನು ಕರೆಯುವ ಹಾಗೆ. ದೇವರ ಕಣ್ಣಿಗೆ ಬೀಳದಂತೆ ನನಗೆ ಹೊಸ ಬಟ್ಟೆ ಹೊಲಿಸಬಾರದು ಎಂದು ಮಾಬವ್ವ ಗಾದಿಯ ಪಟ್ಟಾಪಟ್ಟಿ ಬಟ್ಟೆಯಲ್ಲಿ ಮಿಕ್ಕಿದ ತುಂಡುಗಳಿಂದ ಲಂಗ ಹೊಲಿದು ಹಾಕುತ್ತಿದ್ದಳು. ಓಣಿಯ ಮಕ್ಕಳು ನನ್ನನ್ನು “ಗಾದಿ ಬಂತು, ಗಾದಿ ಬಂತು” ಎಂದು ಕಾಡುತ್ತಿದ್ದರು. ನಾನು ಅತ್ತರೆ ದಾವಲ ನನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡು, “ಗಾದಿ ಅಂದ್ರ ರಾಜಾ ಕೂಡೂ ಜಾಗಾ, ನಿಮಗೇನು ಗೊತ್ತು,” ಎಂದು ಅವರನ್ನು ಓಡಿಸುತ್ತಿದ್ದ. ಅವನ ತಲೆಗೂದಲಲ್ಲಿ ಸದಾ ಹತ್ತಿಯ ಎಳೆ ಸಿಕ್ಕಿರುತ್ತಿತ್ತು. ಹೆಗಲ ಮೇಲೆ ಕೂತು ಅವನ್ನು ಆರಿಸುವುದೇ ನನಗೆ ಆಟ. ನಾವು ಮಾಂಸ ಮುಟ್ಟದ ಕಟ್ಟುನಿಟ್ಟಿನವರು ಎಂದು ಮಾಬವ್ವ ನನಗಾಗಿ ಬೇರೆ ಗಡಿಗೆ ಇಟ್ಟಿದ್ದಳು. ಬೂದಿ ಹಚ್ಚಿ ಕೈ ತಿಕ್ಕಿ ತೊಳೆದುಕೊಂಡು, ಮೂಸಿ ನೋಡಿಕೊಂಡು, ಆಮೇಲೆ ನನಗೆ ತುತ್ತು ಕೊಡುವಳು. ಮೊಹರಂ ಬಂದರೆ ಬೆಲ್ಲದ ಚೊಂಗೆ ರೊಟ್ಟಿ ಮೊದಲು ನನಗೆ, ಆಮೇಲೆ ದಾವಲನಿಗೆ. ಈಚೆ ಮನೆಯಲ್ಲಿ ವೈನಿ ನನ್ನನ್ನು ಎತ್ತಿಕೊಳ್ಳುವುದು ಕತ್ತಲ ಮೂಲೆಯಲ್ಲಿ ಮಾತ್ರ. ಬಾಗಿಲಲ್ಲಿ ಯಾರಾದರೂ ನಿಂತು, ಕೂಸು ಚೆಂದ ಅದ ಅಂದರೆ ಸಾಕು, ಅವಳು ನನ್ನನ್ನು ದೂರ ತಳ್ಳಿ, “ಅದು ಮಾಬವ್ವಂದರಿ, ಹಾಲಿಗೆ ಬಂದೈತಿ,” ಎನ್ನುತ್ತಿದ್ದಳು. ನನಗೆ ಅವಳು ಯಾರೆಂದು ಗೊತ್ತಿತ್ತು. ಮಕ್ಕಳಿಗೆ ಗೊತ್ತಿರುತ್ತದೆ. ಅವಳ ಬಾಯಿಂದ ಒಂದು ಸಲ ‘ನನ್ನ ಮಗಳು’ ಎನ್ನಿಸಬೇಕು ಎಂದು ನಾನು ಏನೇನೋ ಮಾಡುತ್ತಿದ್ದೆ. ಬೇಕಂತಲೇ ಬೀಳುತ್ತಿದ್ದೆ, ಹಾಲಿನ ಚರಿಗೆ ಉರುಳಿಸುತ್ತಿದ್ದೆ. ಅವಳು ಹೊಡೆಸುವುದಕ್ಕೂ ನನ್ನನ್ನು ಮಾಬವ್ವನ ಹತ್ತಿರವೇ ಕಳಿಸುತ್ತಿದ್ದಳು.

ನನಗೆ ಐದಾರು ವರ್ಷವಿರುವಾಗ ದಾವಲನಿಗೆ ಜ್ವರ ಬಂತು. ಮೊದಲು ಮಳೆಯಲ್ಲಿ ನೆನೆದದ್ದಕ್ಕೆ ಅಂದರು. ದವಾಖಾನೆಗೂ ಒಯ್ದರು, ದರ್ಗಾದ ದಾರವನ್ನೂ ಕಟ್ಟಿದರು. ನನ್ನ ಅಪ್ಪ ಗುಡಿಯ ವಿಭೂತಿ ತಂದು ಕಿಂಡಿಯಲ್ಲಿ ಕೊಟ್ಟ. ಮಾಬವ್ವ ಅದನ್ನೂ ಹಚ್ಚಿದಳು. ಒಂದು ಬೆಳಗ್ಗೆ ಬಿಲ್ಲಿನ ಸದ್ದಿಲ್ಲ. ಶುಕ್ರವಾರವೂ ಅಲ್ಲ. ಎಮ್ಮೆಗಳು ತೊರೆ ಬಿಡದೆ ನಿಂತಿದ್ದವು. ನನ್ನ ತಾಯಿ ಕೆಚ್ಚಲಿಗೆ ಕೈ ಹಚ್ಚಿ ಕೂತವಳು ಹಾಗೆಯೇ ಕಿಂಡಿಯ ಕಡೆ ತಿರುಗಿ ನೋಡಿದಳು. ಆಮೇಲೆ ಆಚೆಯಿಂದ ಮಾಬವ್ವನ ಸ್ವರ ಕೇಳಿತು. ಅದು ಅಳುವಲ್ಲ, ಮಗನ ಹೆಸರು. ಅಂಗಳದಲ್ಲಿ ಆಡುತ್ತಿದ್ದವನನ್ನು ಊಟಕ್ಕೆ ಕರೆಯುವಾಗ ಹೇಗೆ ಕರೆಯುತ್ತಿದ್ದಳೋ ಹಾಗೆ ಕರೆಯುತ್ತಿದ್ದಳು, ಸ್ವಲ್ಪ ಸಿಟ್ಟಿನಲ್ಲಿ.

ಮಣ್ಣು ಮುಗಿಸಿ ಬಂದ ಮೇಲೆ ಮಸೀದಿಯ ಹಿರಿಯರು ಇಮಾಮಸಾಬನ ಹೆಗಲ ಮೇಲೆ ಕೈಯಿಟ್ಟು, ದೇವರು ಇಡಲು ಕೊಟ್ಟ ಅಮಾನತು, ಅವನೇ ತಿರುಗಿ ಒಯ್ದ, ಸಬುರು ಮಾಡಬೇಕು, ತಾಳಿಕೊಳ್ಳಬೇಕು ಎಂದರು. ಇಮಾಮಸಾಬ ತಲೆಯಲ್ಲಾಡಿಸಿದ. ನನ್ನ ಅಪ್ಪ ಕೈಮುಗಿದು ಕೂತಿದ್ದನಲ್ಲ, ಅದೇ ರೀತಿ. ಕಿಂಡಿಯ ಈಚೆ ನಿಂತು ಕೇಳುತ್ತಿದ್ದ ನನ್ನ ತಾಯಿ ಆ ಮಾತಿಗೆ ಹಣೆಯನ್ನು ಗೋಡೆಗೆ ಒತ್ತಿದಳು. ಆ ದಿನದಿಂದ ಜಗಲಿಗೆ ದೀಪ ಹಚ್ಚಲಿಲ್ಲ. ಆಯಿ ಬೈದಳು, ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಕೆಲವು ದಿನ ಕಳೆದ ಮೇಲೆ ಒಂದು ಸಂಜೆ ಎಮ್ಮೆ ಕರೆಯುತ್ತ ಅವಳು ಎಮ್ಮೆಯ ಜೊತೆ ಮಾತಾಡುತ್ತಿದ್ದಳು. ಮನುಷ್ಯರ ಮುಂದೆ ಹೇಳಲಾಗದ್ದನ್ನೆಲ್ಲ ಅವಳು ಕೆಚ್ಚಲಿಗೆ ಹಣೆಯೊರಗಿಸಿ ಎಮ್ಮೆಗೆ ಹೇಳುತ್ತಿದ್ದಳು. ನಾನು ಹುಲ್ಲಿನ ಹೊರೆಯ ಮೇಲಿದ್ದೆ.

“ನಮ್ಮ ತಿಪ್ಪವ್ವನ್ನ ಹುಡುಕ್ಕೊಂತ ಬಂದಿದ್ದಾ ಮ್ಯಾಲಿನಾಂವ. ನಾವು ಮಾಬವ್ವನ ಕೂಸು, ಮಾಬವ್ವನ ಕೂಸು ಅಂತ ಓಣಿ ತುಂಬ ಒದರಿದ್ವಿ. ಅಂವ ಆ ಮನಿಗೇ ಹೋದಾ. ಅಲ್ಲಿ ದಾವಲ ಸಿಕ್ಕಾ. ನಮ್ಮ ಮನಿ ಬೆಂಕಿ ತಗದು ಅವರ ಚಪ್ಪರಕ್ಕ ಹಚ್ಚಿದಂಗಾತು.”

ಮರುದಿನ ಅವಳು ನನ್ನ ತಲೆ ಬಾಚಿ, ಪಟ್ಟಾಪಟ್ಟಿ ಲಂಗ ತೊಡಿಸಿ, ಅದೇ ಹಳೆಯ ಮೊರ ಕೈಯಲ್ಲಿ ಹಿಡಿದುಕೊಂಡು ಮಾಬವ್ವನ ಬಾಗಿಲಿಗೆ ನಡೆದಳು. ಮೊರದಲ್ಲಿ ನನ್ನ ಇನ್ನೊಂದು ಲಂಗ, ಬಾಚಣಿಗೆ, ನಾನು ಹಾಲು ಕುಡಿಯುವ ಬಟ್ಟಲು. ಮಾಬವ್ವ ಗೋಡೆಗೊರಗಿ ಕೂತಿದ್ದಳು. ಎದುರಿಗೆ ಹಿಂಜದ ಹತ್ತಿ ರಾಶಿಯಾಗಿ ಬಿದ್ದಿತ್ತು.

“ಅಕ್ಕಾರ, ನಿಮ್ಮ ಕೂಸು ನೀವು ಇಟಗೊಳ್ರಿ. ನೀವ ಕೊಂಡೀರಿ. ಇಷ್ಟ ದಿನಾ ಹೆಸರಿಗೆ ಇತ್ತು, ಇನ್ನ ಖರೇ ಇರಲಿ.”

ಮಾಬವ್ವ ತಲೆಯೆತ್ತಿದಳು. ಬೇಡ ಅನ್ನಲಿಲ್ಲ. ಅನ್ನುವ ತ್ರಾಣ ಇರಲಿಲ್ಲವೇನೋ. ನನ್ನ ಕಡೆ ಕೈ ಚಾಚಿದಳು. ನನ್ನ ತಾಯಿ ಮೊರ ಕೆಳಗಿಟ್ಟು, ತಿರುಗಿ ನೋಡದೆ ಹೋದಳು. ಅವಳು ಓಣಿಗೆ ಇಳಿಯುವ ಮೊದಲೇ ನನಗೆ ತಿಳಿದಿತ್ತು: ನಾನು ಏನೇ ಉರುಳಿಸಿದರೂ ಇನ್ನು ಅವಳು ‘ನನ್ನ ಮಗಳು’ ಎನ್ನುವುದಿಲ್ಲ.

ಆ ಮಳೆಗಾಲವೆಲ್ಲ ನಾನು ಗೋಡೆಯಾಚೆಯೇ ಇದ್ದೆ. ದಾವಲ ಮಲಗುತ್ತಿದ್ದ ಜಾಗದಲ್ಲಿ ಮಲಗುತ್ತಿದ್ದೆ. ಮಾಬವ್ವ ಮರೆತು ಕೆಲವು ಸಲ ನನ್ನನ್ನು ದಾವಲ ಎಂದು ಕರೆಯುತ್ತಿದ್ದಳು. ನಾನು ಓ ಅನ್ನುತ್ತಿದ್ದೆ. ಆಕೆ ನಮಾಜಿಗೆ ಬಾಗಿದಾಗ ನಾನೂ ಪಕ್ಕದಲ್ಲಿ ಬಾಗುತ್ತಿದ್ದೆ. ಆಕೆಯ ಹಣೆ ನೆಲಕ್ಕೆ ಹತ್ತಿದರೆ ಬೇಗ ಮೇಲೇಳುತ್ತಿರಲಿಲ್ಲ, ನಾನು ಎದ್ದು ಕೂತು ಕಾಯುತ್ತಿದ್ದೆ. ಇಮಾಮಸಾಬ ಬಿಲ್ಲನ್ನು ಮೊಳೆಗೆ ತೂಗುಹಾಕಿಬಿಟ್ಟಿದ್ದ. ಮದುವೆ ಮನೆಯವರು ಗಾದಿ ಕೇಳಿಕೊಂಡು ಬಂದು ವಾಪಸ್ಸು ಹೋಗುತ್ತಿದ್ದರು. ಅಪ್ಪ ಸಂಜೆ ಬಾಗಿಲಲ್ಲಿ ಚರಿಗೆ ಇಟ್ಟು, “ಕೂಸಿಗೆ ಹಾಲರಿ,” ಎಂದು ಗಿರಾಕಿಗೆ ಹೇಳಿದಂತೆ ಹೇಳಿ, ನನ್ನ ಕೆನ್ನೆಯನ್ನು ಎರಡು ಬೆರಳಿನಿಂದ ಮುಟ್ಟಿ ಹೋಗುತ್ತಿದ್ದ. ನಾನು ಕಿಂಡಿಯ ಕೆಳಗೆ ಕೂತು ಈಚೆ ಮನೆಯ ಸದ್ದು ಕೇಳುತ್ತಿದ್ದೆ. ತಂಬಿಗೆಯೊಳಗೆ ಹಾಲಿನ ಧಾರೆ ಬೀಳುವುದು ಕೇಳುತ್ತಿತ್ತು. ಎಮ್ಮೆಗೆ ಹೇಳುವ ಮಾತು ಕೇಳುತ್ತಿತ್ತು. ದಿನಾ ಅದೇ ಮಾತು. ಕೇಳಿ ಕೇಳಿ ನನಗೂ ಅದು ನಿಜವಾಯಿತು. ಒಂದು ಮಧ್ಯಾಹ್ನ ಮಾಬವ್ವ ನನಗೆ ಉಣಿಸುತ್ತಿದ್ದಾಗ ಕೇಳಿಬಿಟ್ಟೆ:

“ಅವ್ವಾ, ದೇವರು ನನ್ನ ಒಯ್ಯಾಕ ಬಂದಿದ್ನಂತ, ಖರೇನ? ನಾ ಇಲ್ಲಿ ಇದ್ದದ್ದಕ್ಕ ದಾವಲ ಹೋದನೇನು?”

ಮಾಬವ್ವ ಕೈಯಲ್ಲಿದ್ದ ತುತ್ತನ್ನು ತಾಟಿಗೆ ಹಾಕಿ, ಕೈ ಸಹ ತೊಳೆಯದೆ, ನನ್ನ ರಟ್ಟೆ ಹಿಡಿದು ಹೊರಟಳು. ಮಗ ಹೋದ ಮೇಲೆ ಆಕೆ ಹೊಸಿಲು ದಾಟಿದ್ದು ಅದೇ ಮೊದಲು. ನಮ್ಮ ಮನೆಯ ಬಾಗಿಲಲ್ಲಿ ನಿಂತು ಕರೆದಳು:

“ಗಂಗವ್ವಾ, ಈ ಕೂಸು ಏನ ಕೇಳಾಕತ್ತೈತಿ ಗೊತ್ತೇನು? ತನ್ನ ಬದಲಿ ದಾವಲ ಹೋದನಂತ. ಇದರ ತಲಿಯಾಗ ಯಾರು ತುಂಬ್ಯಾರ ಇದನ್ನ?”

“ನಾ ಅದಕ್ಕ ಹೇಳಿಲ್ರಿ. ಎಮ್ಮಿ ಮುಂದ ಹೇಳಿದ್ನಿ.”

“ಎಮ್ಮಿ ಹಿಂದ ಗ್ವಾಡಿ ಐತಿ, ಗ್ವಾಡಿಗೆ ಕಿಂಡಿ ಐತಿ. ಮರತೇನು?”

ನನ್ನ ತಾಯಿ ಮೆಟ್ಟಿಲ ಮೇಲೆ ಕುಸಿದು ಕೂತಳು. ಮಾಬವ್ವ ನನ್ನ ಕೈ ಬಿಡದೆ ಅಲ್ಲೇ, ಎಮ್ಮೆಗಳ ನಡುವೆ ನಿಂತಳು.

“ನನ್ನ ಮನಿಗೆ ಬಂದಾಂವ ದೇವರು. ನಿನ್ನೆ ಮೊನ್ನೆ ಹಾಲು ಹಾಕಾಕ ಬಂದ ಹುಡುಗ ಅಲ್ಲ, ಮನಿ ತಪ್ಪಾಕ.”

“ಹಂಗಂದ್ರ ತಿಳದ ಒಯ್ದನೇನ್ರಿ?”

ಮಾಬವ್ವ ಎಮ್ಮೆಗಳ ಕಡೆ ಮುಖ ತಿರುಗಿಸಿದಳು.

“ಹೇಳ್ರಿ ಅಕ್ಕಾರ. ತಪ್ಪಿ ಒಯ್ದಾ ಅಂದ್ರ ಪಾಪ ನಂದು. ಅದನ್ನ ಹೊತಗೊಂಡು ಹೆಂಗರೆ ಬದುಕತೇನಿ. ದಾವಲನಂಥಾ ಹುಡುಗನ್ನ ತಿಳದ ಒಯ್ದಾ ಅಂದ್ರ ನಾ ಯಾರ ಮುಂದ ದೀಪಾ ಹಚ್ಚಲಿ?”

“ಗೊತ್ತಿಲ್ಲವಾ. ಐದೂ ಹೊತ್ತು ಹಣಿ ನೆಲಕ್ಕ ಹಚ್ಚಿ ನಾನೂ ಅದನ್ನ ಕೇಳಾಕತ್ತೇನಿ.”

“ಏನಂತಾನ?”

“ಏನೂ ಅನ್ನಂಗಿಲ್ಲ.”

“ಮತ್ತ ಯಾಕ ಕೇಳತೀರಿ?”

“ಮತ್ಯಾರನ್ನ ಕೇಳಲಿ? ಮೌಲ್ವಿನ್ನ ಕೇಳಿದ್ರ ಸಬುರು ಅಂತಾನ, ನಿಮ್ಮ ಸ್ವಾಮಿನ್ನ ಕೇಳಿದ್ರ ಶಿವಾ ಅಂತಾನ. ನಾ ಬಿಟ್ಟರ ಅಂವ ದಾವಲನ್ನ ಮರತು ಬಿಡತಾನ. ದಿನಾ ಹೋಗಿ ನೆಪ್ಪ ಮಾಡತೇನಿ.”

ಈ ಮಾತುಗಳೆಲ್ಲ ನನಗೆ ಆಗ ಎಷ್ಟು ತಿಳಿದವೋ ಗೊತ್ತಿಲ್ಲ. ಇಬ್ಬರೂ ನಡುಗುತ್ತಿದ್ದುದು ಮಾತ್ರ ತಿಳಿಯಿತು. ಹೆದರಿಕೆಯಾಗಿ ನಾನು “ಅವ್ವಾ” ಎಂದು ಚೀರಿದೆ. ಕೈ ಹಿಡಿದವಳು ನನ್ನ ಕಡೆ ಬಾಗಿದಳು. ಮೆಟ್ಟಿಲ ಮೇಲೆ ಕೂತವಳೂ ದಡಕ್ಕನೆ ಎದ್ದಳು. ಒಬ್ಬರನ್ನೊಬ್ಬರು ನೋಡಿದರು. ನನ್ನ ತಾಯಿ ಮೆಲ್ಲಗೆ ತಿರುಗಿ ಕೂತುಕೊಂಡಳು, ಕೈಗಳನ್ನು ತೊಡೆಯ ಕೆಳಗೆ ಅಡಗಿಸಿಕೊಂಡಳು. ಹೊಡೆಯುವವರ ಮುಂದೆ ಮಕ್ಕಳು ಕೂಡುವ ಹಾಗೆ ಕೂತಿದ್ದಳು. ಮಾಬವ್ವ ಅದನ್ನು ನೋಡಿದಳು. ನನ್ನನ್ನು ಎತ್ತಿಕೊಂಡು ಹೋಗಿ ನನ್ನ ತಾಯಿಯ ತೊಡೆಯ ಮೇಲೆ ಕೂಡಿಸಿದಳು.

“ತಗೋ. ನಂದ ಕೂಸು, ಸಾಕಾಕ ನಿನಗ ಕೊಟ್ಟೇನಿ. ಯಾರರೆ ಕೇಳಿದ್ರ ಮಾಬವ್ವಂದು ಅನ್ನು. ಮ್ಯಾಲಿನಾಂವ ಕೇಳಿದ್ರೂ ಹಂಗ ಅನ್ನು. ಬರಲಿ ನನ್ನ ಮನಿಗೆ. ಇನ್ನ ಅಲ್ಲಿ ಒಯ್ಯಾಕ ಏನೈತಿ?”

ದೇವರು ಮನೆ ತಪ್ಪುವುದಿಲ್ಲ ಎಂದು ಒಂದು ಗಳಿಗೆಯ ಹಿಂದೆ ಹೇಳಿದವಳು ಅದೇ ಆಕೆ. ತಾನು ನಂಬದ ಮಾತನ್ನು, ಮಗನನ್ನು ಕಳೆದುಕೊಂಡ ಬಾಯಿಂದ, ನನ್ನ ತಾಯಿ ನನ್ನನ್ನು ಮುಟ್ಟುವಂತಾಗಲಿ ಎಂದು ಆಡಿದಳು. ಎಷ್ಟೋ ಪ್ರವಚನಗಳಿಗೆ ಹೋಗಿ ಕೂತಿದ್ದೇನೆ, ಎಷ್ಟೋ ದೊಡ್ಡ ದೊಡ್ಡವರ ಮಾತು ಕೇಳಿದ್ದೇನೆ. ಕೇಡು ಯಾಕೆ ಬರುತ್ತದೆ ಎಂದು ಅವರೆಲ್ಲ ಹೇಳುತ್ತಾರೆ. ಆ ಮಧ್ಯಾಹ್ನ ಮಾಬವ್ವ ಅದನ್ನು ಹೇಳಲಿಲ್ಲ, ಗೊತ್ತಿಲ್ಲ ಅಂದಳು. ಅಷ್ಟು ಹೊತ್ತಿಗೆ ಎಮ್ಮೆ ಕೂಗಿತು. ಕರೆಯುವ ಹೊತ್ತಾಗಿತ್ತು. ನನ್ನ ತಾಯಿ ಮೂಗು ಒರೆಸಿಕೊಂಡು ತಂಬಿಗೆ ತಂದಳು. ಮಾಬವ್ವ ಕರುವನ್ನು ಹಿಡಿದು ನಿಂತಳು. ಸ್ವಲ್ಪ ಹಾಲು ಕರೆದ ಮೇಲೆ ನನ್ನ ತಾಯಿ, “ಬಿಡ್ರಿ ಅಕ್ಕಾರ, ಇವತ್ತ ಎಲ್ಲಾ ಅದ ಕುಡೀಲಿ,” ಎಂದಳು. ಆ ಸಂಜೆ ಮಾಳಮಡ್ಡಿಯ ಎಷ್ಟೋ ಮನೆಗಳಿಗೆ ಹಾಲು ಸಾಲದೆ ಅಪ್ಪ ಬೈಸಿಕೊಂಡು ಬಂದ.

ಕೆಲವು ದಿನಗಳ ಮೇಲೆ ಬೆಳಗ್ಗೆ ಗೋಡೆಯಾಚೆ ಒಂದು ಸಲ ಟಂಯ್ ಎಂದಿತು. ಮತ್ತೆ ನಿಂತಿತು. ಮತ್ತೊಂದು ಟಂಯ್. ಆಮೇಲೆ ತಡೆಯದೆ ಬಡಿಯತೊಡಗಿತು. ಆಯಿಯೇ ಎದ್ದು ಹೋಗಿ, ಯಾರನ್ನೂ ಬೈಯದೆ, ಜಗಲಿಗೆ ದೀಪ ಹಚ್ಚಿದಳು.

ನನ್ನ ತಾಯಿ ಕೊಟ್ಟ ಮಾತು ತಪ್ಪಲಿಲ್ಲ. ಶಾಲೆಗೆ ಹಾಕಲು ಹೋದಾಗ ಮಾಸ್ತರರ ಮುಂದೆ, “ಮಾಬವ್ವನ ಕೂಸರಿ, ನಾ ಸಾಕೇನಿ,” ಎಂದಳು. ನನ್ನ ಮದುವೆಯಲ್ಲಿ ಬೀಗರ ಮುಂದೆಯೂ ಅದೇ. ಎಲ್ಲರೂ ನಕ್ಕರು. ಮಾಬವ್ವ ತೀರಿಕೊಂಡ ದಿನ ಅವಳು ನನ್ನನ್ನು ಕರೆಸಿಕೊಂಡು, “ಹೋಗು, ನಿಮ್ಮವ್ವ ಹೋದ್ಲು, ನೀ ಮುಂದ ಕೂತು ಅಳಬೇಕು,” ಎಂದು ಕಳಿಸಿದಳು. ನಾನು ಮಾಬವ್ವನ ಕಾಲ ಹತ್ತಿರ ಕೂತು ಅತ್ತೆ. ಹಿಂದಿನ ಸಾಲಿನಲ್ಲಿ ನನ್ನ ತಾಯಿ ನೆರೆಮನೆಯವಳಂತೆ ಕೂತಿದ್ದಳು. ಆಮೇಲೆ ಬಹಳ ವರ್ಷ ಬದುಕಿದಳು, ಕೊನೆಗೆ ನನ್ನ ಮನೆಯಲ್ಲೇ ಹಾಸಿಗೆ ಹಿಡಿದಳು. ಅಪ್ಪ ಯಾರು, ಊರು ಯಾವುದು ಎಲ್ಲವೂ ಅವಳ ನೆನಪಿನಿಂದ ಅಳಿಸಿ ಹೋಗಿದ್ದವು. ಇನ್ನೇನು ಎರಡು ದಿನವೋ ಮೂರು ದಿನವೋ ಎನ್ನುವಾಗ ನಾನು ಬಾಗಿಲು ಹಾಕಿ, ಅವಳ ಕಿವಿಯ ಹತ್ತಿರ ಬಾಗಿ ಕೇಳಿದೆ. ಜೀವಮಾನದಲ್ಲಿ ಕೇಳಬೇಕೆಂದಿದ್ದ ಒಂದೇ ಮಾತು.

“ಇಲ್ಲಿ ಯಾರೂ ಇಲ್ಲ. ನಾ ಯಾರು, ಹೇಳು.”

ಅವಳು ನನ್ನ ಮುಖ ನೋಡಿದಳು. ಆಮೇಲೆ ಕಣ್ಣು ಬಾಗಿಲ ಕಡೆ ಹೋಯಿತು, ಅಲ್ಲಿಂದ ಮೇಲಕ್ಕೆ ಹೋಯಿತು. ನನ್ನ ರಟ್ಟೆಯನ್ನು ಹಿಡಿದುಕೊಂಡಳು. ಆ ವಯಸ್ಸಿನಲ್ಲಿ ಅಷ್ಟು ಬಲ ಎಲ್ಲಿತ್ತೋ, ಉಗುರು ನಟ್ಟವು.

“ಮಾಬವ್ವನ ಕೂಸು,” ಎಂದಳು, ಯಾರೋ ಕೇಳಿಸಿಕೊಳ್ಳಲಿ ಎಂಬಂತೆ ಸ್ವಲ್ಪ ಗಟ್ಟಿಯಾಗಿ.

ಎಲ್ಲ ಮರೆತವಳು ಅದೊಂದನ್ನು ಮರೆಯಲಿಲ್ಲ. ಮತ್ತೆ ಮಾತಾಡಲಿಲ್ಲ.

ಇದೆಲ್ಲವನ್ನೂ ಶೈಲಾಳಿಗೆ ಹೇಳಿದೆ. ಕೂಸು ಅವಳ ಎದೆಯ ಮೇಲೆ ನಿದ್ದೆ ಹೋಗಿತ್ತು. ಅವಳು ಅಳುತ್ತಲೇ ಕೇಳಿದಳು:

“ನಿನಗ ಅಂಜಿಕಿ ಆಗಂಗಿಲ್ಲೇನವಾ?”

“ಆಗತೈತಿ. ಗಾಜಿನ ಪೆಟಗಿ ಮುಂದ ನಿಂತಾಗ ನನ್ನನ್ನ ಒಯ್ಯಿ ಅಂತ ನಾನೂ ಅಂದೇನಿ. ಆದ್ರ ರೇಶ್ಮಾನ ಹುಡುಗ್ರನ್ನ ನೋಡಿದ್ರ ದಾವಲನ ತಲಿಯಾಗಿನ ಹತ್ತಿ ಕಾಣತೈತಿ ನನಗ.”

“ಆಕಿಗೆ ಏನ ಹೇಳ್ಲಿ ಈಗ?”

“ಹುಡುಗ್ರನ್ನ ಕರಕೊಂಡು ಊಟಕ್ಕ ಬಾ ಅನ್ನು.”

ಶೈಲಾ ಫೋನಿನಲ್ಲಿ ಏನು ಹೇಳಿದಳೋ, ರೇಶ್ಮಾಳಿಗೆ ಏನು ತಿಳಿಯಿತೋ. ಮರುದಿನ ಅವಳು ಹೊಸ ಸೀರೆಯುಟ್ಟು, ಇಬ್ಬರು ಮಕ್ಕಳಿಗೂ ಎಣ್ಣೆ ಹಚ್ಚಿ ತಲೆ ಬಾಚಿ, ಕೈಯಲ್ಲಿ ಒಂದು ಪೊಟ್ಟಣ ಹಿಡಿದುಕೊಂಡು ಬಂದಳು.

“ತೌಡು ಎಲ್ಲೂ ಸಿಗಲಿಲ್ರಿ ಆಂಟಿ. ಓಟ್ಸ್ ತಂದೇನಿ, ನಡೀತೈತೇನ್ರಿ?”

ನಾನು ಕೂಸನ್ನು ಎತ್ತಿಕೊಂಡು ಬಾಗಿಲಲ್ಲೇ ನಿಂತಿದ್ದೆ. ಒಳಗೆ ಬಾ ಎನ್ನುವಷ್ಟರಲ್ಲಿ ಅವಳು ಹೊಸಿಲ ಆಚೆ ನೆಟ್ಟಗೆ ನಿಂತು, ಶೈಲಾ ಮೊದಲೇ ಹೇಳಿಕೊಟ್ಟಿದ್ದ ಮಾತನ್ನು, ಶಾಲೆಯ ಮಗು ಪದ್ಯ ಹೇಳುವಂತೆ, ಭಕ್ತಿಯಿಂದ ಕೇಳಿಬಿಟ್ಟಳು:

“ಯಾರದರಿ ಈ ಕೂಸು?”

ಅವಳ ಹಿಂದೆ ಇಬ್ಬರು ಹುಡುಗರೂ ಒಬ್ಬರನ್ನೊಬ್ಬರು ತಳ್ಳಾಡುತ್ತ ನಗುತ್ತಿದ್ದರು. ನಾಲಿಗೆಯ ತುದಿಗೆ ನನ್ನ ತಾಯಿಯ ಮಾತೇ ಬಂದು ನಿಂತಿತ್ತು, ಯಾರದೂ ಅಲ್ಲ ಎಂದುಬಿಡುತ್ತಿದ್ದೆ. ರಸ್ತೆಯಲ್ಲಿ ಹುಡುಗರು ಬೈಕು ಓಡಿಸುತ್ತಿದ್ದರು, ಎದುರುಮನೆಯವರು ಬಾಲ್ಕನಿಯಲ್ಲಿದ್ದರು, ಮೇಲೆ ಆಕಾಶ ಬರಿದಾಗಿತ್ತು. ನಾನು ಕೂಸಿನ ಮುಖದ ಮೇಲಿನ ಬಟ್ಟೆ ಸರಿಸಿದೆ.

“ನಂದವಾ,” ಎಂದೆ. ಮೊದಲ ಸಲ ಸ್ವರ ಹೊರಬೀಳಲಿಲ್ಲ. ಎರಡನೆಯ ಸಲ ಎದುರುಮನೆಯವರು ಬಗ್ಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದೆ. “ನಂದು. ಗಂಗವ್ವನ ಮಗಳ ಮಗಳ ಮಗಳು.”

ಒಳಗೆ ಒಲೆಯ ಮೇಲೆ ಹಾಲು ಉಕ್ಕುವ ಸದ್ದು ಕೇಳಿತು. ಯಾರೂ ಹೋಗಲಿಲ್ಲ.